ವಿಚಾರಣೆ ಅಕ್ಕ ಮತ್ತು ಖಾಲಿ ತಂತಿ

ಆ ಲಾಂಡ್ರಿಯ ಒಡತಿಗೆ ಕೆಲಸದವರು ಇಟ್ಟ ಹೆಸರು ವಿಚಾರಣೆ ಅಕ್ಕ. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ವಿಚಾರಣೆ ಅಕ್ಕ. ಅದು ಆಕೆಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಯಂತ್ರ ನೋಡುವ ಯಜಮಾನರುಂಟು, ಗಡಿಯಾರ ನೋಡುವ ಯಜಮಾನರುಂಟು. ಈ ಪುಣ್ಯಾತ್ಗಿತ್ತಿ ಮನುಷ್ಯರ ಮುಖ ನೋಡುತ್ತಿದ್ದಳು. ಒಗೆಯುವ ಯಂತ್ರದ ಬಳಿ ನಿಂತವನ ಸೊಂಟನೋವು ಹೇಗಿದೆ, ಮಡಚುವಾಕೆಯ ಮಗಳು ಪರೀಕ್ಷೆ ಹೇಗೆ ಬರೆದಳು, ಗಾಡಿ ಓಡಿಸುವವನ ಹೆಂಡತಿ ತವರಿನಿಂದ ಬಂದಳೋ ಇಲ್ಲವೋ, ಇಸ್ತ್ರಿ ಮಾಮನ ಮಂಡಿನೋವು ಇಳಿಯಿತೇ, ಎಲ್ಲವೂ ವಿಚಾರಣೆಯಾಗಬೇಕು. ಅಷ್ಟಾದ ಮೇಲೇ ಬಟ್ಟೆಯ ಮಾತು.

"ನಿಂದು ಲಾಂಡ್ರಿನೋ ಆಸ್ಪತ್ರೆನೋ?" ಎಂದು ಗಂಡ ಕಾಲೆಳೆಯುತ್ತಿದ್ದ.

"ಕೆಲಸದೋರು ನೆಮ್ಮದಿಯಾಗಿದ್ರೆ ಬಟ್ಟೆ ತಾನಾಗೇ ಬೆಳ್ಳಗಾಗುತ್ತೆ ಕಣ್ರೀ. ಅಪ್ಪ ನಂಗೆ ಹೇಳ್ಕೊಟ್ಟಿದ್ದು ಅದೊಂದೇ."

"ಸದ್ಯ, ಸೋಪಿನ ಖರ್ಚು ಉಳೀತು ಬಿಡು."

ಗಂಡನ ನಗೆಚಾಟಿಕೆ ಏನೇ ಇರಲಿ, ಲಾಂಡ್ರಿ ನಡೆಯುತ್ತಿದ್ದುದೇ ಆ ಮಾತಿನ ಮೇಲೆ. ಅಲ್ಲಿ ಒಂದು ಪದ್ಧತಿಯಿತ್ತು. ಬಟ್ಟೆ ಸುಟ್ಟರೆ, ಹರಿದರೆ, ಬಣ್ಣ ಕಚ್ಚಿದರೆ, ಯಾರ ಕೈಯಲ್ಲಿ ಆಯಿತೋ ಅವರೇ ಮನೆಗೆ ಹೋಗುವ ಮುಂಚೆ ಅದನ್ನು ಬಾಗಿಲ ಪಕ್ಕದ ತಂತಿಯ ಮೇಲೆ ಹಾಕಬೇಕು. ಯಾಕೆ, ಹೇಗೆ ಎಂದು ಯಾರೂ ಕೇಳುವ ಹಾಗಿಲ್ಲ. ಸಂಬಳದಲ್ಲಿ ಮುರಿಯುವ ಹಾಗೂ ಇಲ್ಲ. ಬೆಳಿಗ್ಗೆ ಅಕ್ಕನೇ ಅದನ್ನು ತೆಗೆದುಕೊಂಡು ಹೋಗಿ, ಬಟ್ಟೆಯ ಯಜಮಾನ ಬಾಯಿ ತೆರೆಯುವ ಮೊದಲೇ, "ಇದನ್ನ ನಾವೇ ಹಾಳು ಮಾಡಿದ್ವಿ, ಹೊಸದು ಕೊಡಿಸ್ತೀವಿ" ಎಂದುಬಿಡುತ್ತಿದ್ದಳು. ಹೀಗೆ ಮಾಡಿದರೆ ಲಾಂಡ್ರಿ ಮುಳುಗುತ್ತದೆ ಎಂದು ಭವಿಷ್ಯ ನುಡಿದವರಿಗೆ ಲೆಕ್ಕವಿಲ್ಲ. ಮುಳುಗಲಿಲ್ಲ, ಬೆಳೆಯಿತು! ಇವರು ಸುಳ್ಳು ಹೇಳುವುದಿಲ್ಲ ಎಂದು ಬಾಯಿಂದ ಬಾಯಿಗೆ ಹೋಗಿ, ರೈಲು ನಿಲ್ದಾಣದ ಎದುರಿನ ದೊಡ್ಡ ಹೋಟೆಲೇ ಹುಡುಕಿಕೊಂಡು ಬಂತು. ಲಾಂಡ್ರಿಯ ಅರ್ಧ ಕೆಲಸ ಈಗ ಆ ಹೋಟೆಲಿನದೇ.

ಇಷ್ಟು ಚೆನ್ನಾಗಿದ್ದಾಗ ಅಕ್ಕನ ರಕ್ತದೊತ್ತಡ ಏರಿತು. ಒಂದು ದಿನ ಸುಟ್ಟ ಹೊದಿಕೆ ಹಿಡಿದು ಹೋಟೆಲಿಗೆ ಹೊರಟವಳು ಮೆಟ್ಟಿಲ ಮೇಲೇ ಕುಸಿದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಚಿಂತೆ ಮಾಡಬಾರದು ಎಂದರು. ಚಿಂತೆಯೇನು ನಲ್ಲಿಯೇ, ತಿರುಗಿಸಿ ನಿಲ್ಲಿಸಲು? ಕೆಲವು ವಾರ ಮನೆಯಲ್ಲಿ ಒದ್ದಾಡಿ ವಾಪಸು ಬಂದರೆ ತಂತಿ ಖಾಲಿ. ಮರುದಿನವೂ ಖಾಲಿ, ಆಮೇಲೂ ಖಾಲಿ. ಒಂದು ಕರವಸ್ತ್ರವೂ ಹಾಳಾಗುತ್ತಿಲ್ಲ! ಅಕ್ಕ ಹಿರಿಹಿರಿ ಹಿಗ್ಗಿದಳು. "ನೋಡಿದ್ರಾ ನಮ್ಮ ಜನಾನ?" ಎಂದು ಗಂಡನ ಮುಂದೆ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಹೋಟೆಲಿನ ಮ್ಯಾನೇಜರು ಬಂದಿದ್ದು ಆ ಜಂಬ ಇನ್ನೂ ಬಿಸಿಯಿರುವಾಗಲೇ. ಕೈಯಲ್ಲೊಂದು ಗಂಟು. ಆತ ಮೇಜಿನ ಮೇಲೆ ಒಂದೊಂದೇ ಮೇಜುಬಟ್ಟೆಯ ಮಡಿಕೆ ಬಿಚ್ಚಿದ. ಪ್ರತಿಯೊಂದರ ಒಳಗೂ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಕಲೆ. ಹೊರಗೆ ಕಾಣದಂತೆ, ಬಲು ನಾಜೂಕಾಗಿ, ಒಳಕ್ಕೆ ಮಡಚಿದ್ದರು.

"ಸುಟ್ಟಿದ್ದಕ್ಕೆ ಬಂದಿಲ್ಲಮ್ಮ ನಾನು. ಬಚ್ಚಿಟ್ಟಿದ್ದಕ್ಕೆ ಬಂದಿದ್ದೀನಿ," ಎಂದ ಮ್ಯಾನೇಜರು. "ಸುಟ್ಟು ಬಚ್ಚಿಟ್ಟಿದ್ದು ಯಾರ ಕೈ ಅಂತ ತಿಳ್ಕೊಳ್ಳಿ. ಆ ಕೈ ಇನ್ನು ನಮ್ಮ ಬಟ್ಟೆ ಮುಟ್ಟಬಾರದು. ನಾಳೆ ಸಂಜೆಯೊಳಗೆ ಫೋನ್ ಮಾಡಿ. ಇಲ್ಲಾಂದ್ರೆ ನಮ್ಮ ಬಟ್ಟೆ ಬೇರೆ ಕಡೆ ಹೋಗುತ್ತೆ."

ಹೋಟೆಲು ಕೈಬಿಟ್ಟರೆ ಅರ್ಧ ಜನರನ್ನು ಮನೆಗೆ ಕಳಿಸಬೇಕು. ಯಾರನ್ನು ಕಳಿಸುವುದು? ಸೊಂಟನೋವಿನವನನ್ನೋ, ಮಗಳನ್ನು ಓದಿಸುತ್ತಿರುವವಳನ್ನೋ? ಅದಕ್ಕಿಂತ ಹೆಚ್ಚಾಗಿ ಆಕೆಗೆ ಅರ್ಥವಾಗದ್ದು ಇನ್ನೊಂದು. ಬೈಯುವವರಿಲ್ಲ, ದಂಡ ಹಾಕುವವರಿಲ್ಲ, ಮತ್ತೆ ಬಚ್ಚಿಡುವುದಾದರೂ ಯಾರಿಗೆ ಹೆದರಿ? ಒಬ್ಬೊಬ್ಬರನ್ನೇ ಕರೆದು ಕೇಳಿದಳು. "ಗೊತ್ತಿಲ್ಲಕ್ಕಾ" ಎಂದ ಒಗೆಯುವವನು. "ನಂಗೇನೂ ಗೊತ್ತಿಲ್ಲಕ್ಕಾ" ಎಂದು ಗಾಡಿಯವನು ಛಾವಣಿ ನೋಡಿದ. ಛಾವಣಿಯಲ್ಲಿ ಅಂಥದ್ದೇನಿತ್ತೋ! ಇಸ್ತ್ರಿ ಹಾಕುವವರಲ್ಲಿ ಎಲ್ಲರಿಗಿಂತ ಹಿರಿಯನಾದ ಇಸ್ತ್ರಿ ಮಾಮನನ್ನು ಮಾತ್ರ ಕೇಳಲಿಲ್ಲ, ಅಷ್ಟು ಪಳಗಿದ ಕೈ ಬಟ್ಟೆ ಸುಟ್ಟೀತೇ?

ಮನೆಯಲ್ಲಿ ಆಕೆಗೆ ತುತ್ತು ಇಳಿಯಲಿಲ್ಲ. ಅಪ್ಪನ ಮಾತೇ ತಪ್ಪೇ, ಅಥವಾ ತನಗೇ ಅದು ಸರಿಯಾಗಿ ತಿಳಿದಿಲ್ಲವೇ? ಒಮ್ಮೆ ಎಲ್ಲರ ಮೇಲೂ ಸಿಟ್ಟು ಬಂತು, ಮರುಕ್ಷಣವೇ ಪಾಪ ಅನ್ನಿಸಿತು.

"ಒಂದು ಕ್ಯಾಮೆರಾ ಹಾಕ್ಸು, ಎಲ್ಲ ಗೊತ್ತಾಗುತ್ತೆ," ಎಂದ ಗಂಡ.

"ಕ್ಯಾಮೆರಾ ಹಾಕಿದ ದಿನ ನಾನು ಅಪ್ಪನ ಮಗಳಲ್ಲ, ಬಿಡಿ," ಎಂದು ತಟ್ಟೆ ಸರಿಸಿದಳು.

ಮಾರನೆಯ ದಿನ ಅಕ್ಕ ಯಾರ ಸೊಂಟವನ್ನೂ ವಿಚಾರಿಸಲಿಲ್ಲ. ನೇರವಾಗಿ ಮಡಚುವ ಮೇಜಿಗೆ ಹೋಗಿ, ಮಡಚುವಾಕೆಯ ಎದುರು ನಿಂತು ಮೇಜುಬಟ್ಟೆಯ ಎರಡು ಮೂಲೆ ಹಿಡಿದಳು. ಇಬ್ಬರೂ ಮಡಚತೊಡಗಿದರು. ಮಧ್ಯದಲ್ಲೊಂದು ಬಟ್ಟೆ ಬಂತು, ಕಲೆಯಿದ್ದದ್ದು. ಮಡಚುವಾಕೆಯ ಕೈ ತನ್ನಷ್ಟಕ್ಕೆ ಅದನ್ನು ಒಳಕ್ಕೆ ತಿರುಗಿಸಿತು. ಆಮೇಲೆ ಆಕೆ ತನ್ನ ಕೈಯನ್ನೇ ನೋಡಿಕೊಂಡು ಹೋ ಎಂದು ಅತ್ತುಬಿಟ್ಟಳು.

"ಮಡಚಿದ್ದು ನಾನೇ ಅಕ್ಕಾ. ತಂತಿಯಿಂದ ತೆಗೆದಿದ್ದು ಗಾಡಿಯವನು. ಕಲೆ ಉಜ್ಜಿ ನೋಡಿದ್ದು ಒಗೆಯೋನು, ಹೋಗ್ಲಿಲ್ಲ. ನಾವೆಲ್ಲ ಸೇರ್ಕೊಂಡೇ ಮಾಡಿದ್ದು."

"ಅಯ್ಯೋ, ಯಾಕ್ರೇ? ನಾನೇನು ಹುಲಿನೋ ಕರಡಿನೋ?"

"ನೀವು ಮೆಟ್ಟಿಲ ಮೇಲೆ ಬಿದ್ದಾಗ ನಿಮ್ಮನ್ನ ಎತ್ಕೊಂಡು ಬಂದಿದ್ದು ನಾವು. ಕೈಯಲ್ಲಿ ಆ ಸುಟ್ಟ ಬಟ್ಟೆ ಹಾಗೇ ಇತ್ತು. ಡಾಕ್ಟ್ರು ಚಿಂತೆ ಮಾಡಬಾರದು ಅಂದ್ರಲ್ಲ... ಮೊದಲು ಮನುಷ್ಯರನ್ನ ನೋಡ್ಕೋಬೇಕು ಅಂತ ದಿನಾ ಹೇಳೋರು ನೀವೇ. ನೀವೇನು ಮನುಷ್ಯರಲ್ವಾ ಅಕ್ಕಾ?"

ಅಕ್ಕ ಕಕ್ಕಾಬಿಕ್ಕಿಯಾದಳು. ಇವಳ ಕೆನ್ನೆಗೆ ಬಾರಿಸಬೇಕೋ, ತಬ್ಬಿಕೊಳ್ಳಬೇಕೋ? ಲಾಂಡ್ರಿ ಮುಳುಗಿಸಲು ಹೊರಟವರು ಕಳ್ಳರಲ್ಲ, ಸೋಮಾರಿಗಳಲ್ಲ. ತಾನು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಕಲಿತವರು!

"ಸುಟ್ಟಿದ್ದು ಯಾರು?" ಎಂದು ಕೊನೆಗೆ ಕೇಳಿದಳು.

ಮಡಚುವಾಕೆ ಮೂಗು ಒರೆಸಿಕೊಂಡು ಕಿಟಕಿಯ ಕಡೆ ಕಣ್ಣು ಹಾಯಿಸಿದಳಷ್ಟೆ. ಅಲ್ಲಿ ಇಸ್ತ್ರಿ ಮಾಮ ನಿಂತಿದ್ದ. ಅಪ್ಪನ ಕಾಲದಿಂದ ಆ ಜಾಗದಲ್ಲೇ ನಿಂತವನು, ಅಕ್ಕನ ಶಾಲೆಯ ಲಂಗಕ್ಕೂ ಮದುವೆಯ ಸೀರೆಗೂ ಇಸ್ತ್ರಿ ಹಾಕಿದವನು. ದಿಂಬಿನ ಚೀಲದ ಮೇಲೆ ಪೆಟ್ಟಿಗೆ ಸಾಗುತ್ತಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಒಂದು ಕಡೆ ಪೆಟ್ಟಿಗೆ ನಿಂತಿತು, ಎತ್ತಲು ತಡವಾಯಿತು. ಮೊಣಕಾಲು, ಕಣ್ಣು, ನಿದ್ದೆ, ಎಲ್ಲವನ್ನೂ ದಿನಾ ವಿಚಾರಿಸುತ್ತಿದ್ದವಳ ಕಣ್ಣಿಗೆ ಈ ಕೈ ಹೇಗೆ ಬೀಳಲಿಲ್ಲವೋ, ಆಕೆಗೇ ನಾಚಿಕೆಯಾಯಿತು.

"ಮಾಮ, ಇದನ್ನೆಲ್ಲ ಸುಟ್ಟಿದ್ದು ನೀನಾ? ತಂತಿಗೆ ಯಾಕೆ ಹಾಕ್ಲಿಲ್ಲ?"

ಮಾಮ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ಹಾಕ್ಲಿಲ್ಲ ಅಂದೋರು ಯಾರು? ಪ್ರತಿ ಸಲ ಹಾಕಿದೀನಿ, ನಿಮ್ಮಪ್ಪನಾಣೆ. ಬೆಳಿಗ್ಗೆ ಬಂದು ನೋಡಿದ್ರೆ ಇರ್ತಿರಲಿಲ್ಲ. ನೀನೇ ತೆಗೆದಿಟ್ಟು ಸುಮ್ನಿದ್ದೀಯ ಅಂದ್ಕೊಂಡೆ."

"ನಾನಾ?"

"ಇಸ್ತ್ರಿ ಬಿಡು ಅಂತ ನಂಗೆ ಹೇಳೋಕೆ ನಿನಗೆ ಬಾಯಿ ಬರ್ತಿಲ್ಲ ಅಂದ್ಕೊಂಡೆ ಕಣಮ್ಮಾ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ತಾನೇ ಇದ್ದೆ. ನೀನು ಬೆಳಿಗ್ಗೆ ಬರ್ತೀಯ, ಮಾಮ ಮಂಡಿನೋವು ಹೇಗಿದೆ ಅಂತೀಯ, ಹೋಗ್ತೀಯ. ನಾನಾಗೇ ಬಿಟ್ಟು ಹೋದ್ರೆ ನಿನ್ನ ಮನಸ್ಸಿಗೆ ನೋವಾಗುತ್ತೇನೋ ಅಂತ ಇಷ್ಟು ದಿನ ಇದನ್ನ ಹಿಡ್ಕೊಂಡೇ ನಿಂತಿದ್ದೀನಿ. ಸುಡ್ತೀನಿ ಅಂತ ಗೊತ್ತಿದ್ದೂ ಇಸ್ತ್ರಿ ಹಾಕೋದು ಎಂಥ ಹಿಂಸೆ ಗೊತ್ತಾ?"

ಅಕ್ಕ ಹೋಟೆಲಿನ ವಿಷಯವನ್ನೆಲ್ಲ ಹೇಳಿದಳು. ಮಾಮ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಫೋನ್ ಮಾಡು. ಇಲ್ಲೇ, ನನ್ನೆದುರಿಗೇ ಮಾಡು" ಎಂದ.

ಆಕೆ ಮಾಡಿದಳು. ಒಗೆಯುವವನು ಯಂತ್ರ ನಿಲ್ಲಿಸಿ ಬಂದ, ಗಾಡಿಯವನು ಬಾಗಿಲಲ್ಲಿ ನಿಂತ. ಬಚ್ಚಿಟ್ಟಿದ್ದು ನಾವೆಲ್ಲ ಸೇರಿ, ಒಬ್ಬರ ಮೇಲೆ ಹೊರಿಸುವುದಿಲ್ಲ, ಹಾಳಾದದ್ದಕ್ಕೆಲ್ಲ ಹೊಸ ಬಟ್ಟೆ ಕೊಡುತ್ತೇವೆ ಎಂದಳು. "ಸುಟ್ಟ ಕೈ?" ಎಂದ ಮ್ಯಾನೇಜರು. ಅಕ್ಕ ಮಾಮನ ಮುಖ ನೋಡಿದಳು. ಮಾಮ ತಲೆಯಾಡಿಸಿದ.

"ಆ ಕೈ ಇನ್ನು ನಿಮ್ಮ ಬಟ್ಟೆ ಮುಟ್ಟಲ್ಲ," ಎಂದಳು. ಅಷ್ಟು ಕಷ್ಟದ ಮಾತನ್ನು ಆಕೆ ಆಯುಷ್ಯದಲ್ಲೇ ಆಡಿರಲಿಲ್ಲ. ಆ ಕಡೆಯಿಂದ, "ಸರಿ, ಇವತ್ತಿನ ಬಟ್ಟೆ ಕಳಿಸಿಕೊಡ್ತೀನಿ" ಎಂಬ ಉತ್ತರ ಬಂತು.

ಮಾಮ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅಬ್ಬಾ ಎಂದು ಉಸಿರುಬಿಟ್ಟ. ಆಮೇಲೆ ಅತ್ತಿತ್ತ ನೋಡಿ, "ಸರಿ. ನಾಳೆ ಬಂದು ನಾನು ಎಲ್ಲಿ ನಿಲ್ಲಲಿ?" ಎಂದ.

ಅಕ್ಕ ಒಗೆಯುವ ಕಡೆ ನೋಡಿದಳು, ಮಡಚುವ ಮೇಜು ನೋಡಿದಳು. ನಡುಗುವ ಕೈಗೆ ಯಾವ ಕೆಲಸ? ಸುಮ್ಮನೆ ಕೂರಿಸಿದರೆ ಅವಮಾನ, ಮನೆಗೆ ಕಳಿಸಿದರೆ ಇನ್ನೂ ಅವಮಾನ. ಸಮಾಧಾನಕ್ಕೊಂದು ಸುಳ್ಳು ನಾಲಿಗೆಯ ತುದಿಗೆ ಬಂತು, ನುಂಗಿದಳು.

"ನಂಗೆ ಗೊತ್ತಿಲ್ಲ ಮಾಮ. ನಿಜವಾಗ್ಲೂ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದ ಮಾಮ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ಬೆಳಿಗ್ಗೆ ಬರ್ತೀನಿ. ನಾಳೆ ಮಂಡಿನೋವು ಕೇಳ್ಬೇಡ, ಮಾಮ ಎಲ್ಲಿ ನಿಲ್ತೀಯ ಅಂತ ಕೇಳು."