ಕಿಟಕಿ ಪಕ್ಕದ ಕಾಫಿ ಗಿಡ

ಸಕಲೇಶಪುರದ ಡಾಕ್ಟರು "ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ" ಎಂದ ಮೇಲೆ ಅಪ್ಪನ ಮಂಚವನ್ನು ತೋಟದ ಕಡೆಯ ಕಿಟಕಿಗೆ ಎಳೆದೆವು. ನಾನು ಆಲೂರಿನ ಗಂಡನ ಮನೆಯಿಂದ ಆರೈಕೆಗೆಂದು ಬಂದಿದ್ದೆ. ನೋಡಲು ಬಂದವರೆಲ್ಲ ಗಂಗಾಜಲ ತರಿಸಿ, ಚಾಪೆ ತೆಗೆದಿಡಿ ಎಂದು ಹೇಳಿ ಹೋಗುವವರೇ. ದೊಡ್ಡಪ್ಪನಂತೂ ಚಟ್ಟಕ್ಕೆ ಬಿದಿರು ಎಲ್ಲಿದೆಯೆಂದು ನೋಡಿಕೊಂಡೇ ಬಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಮಾತ್ರ ನಕ್ಕು, "ಬಲಿತಿರೋದೇ ನೋಡಣ್ಣ, ಮುರ್ದ್ರೆ ಪೆಟ್ಟು ನಂಗೇ" ಎಂದರು.

ನಮ್ಮ ಕಡೆ, ಹೋಗುವವರನ್ನು ಆಸೆ ಏನೆಂದು ಕೇಳುವುದುಂಟು. ಆಸೆ ಉಳಿದರೆ ಜೀವ ಹೋಗಲೊಲ್ಲದು ಎಂಬ ನಂಬಿಕೆ. ದೊಡ್ಡಪ್ಪ ಕೇಳಿಯೂಬಿಟ್ಟರು.

"ಈ ಸಲದ ಹೂವೊಂದು ನೋಡ್ಬೇಕಿತ್ತು" ಎಂದರು ಅಪ್ಪ.

ಹೋಳಿಗೆ ಕೇಳಿದ್ದರೆ ಮಾಡಿ ಕೊಡಬಹುದಿತ್ತು. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಹೂಮಳೆಗೆ ಕಾಯುತ್ತದೆ. ಮಳೆ ಬಿದ್ದು ವಾರ ಕಳೆದರೆ ತೋಟವೆಲ್ಲ ಬೆಳ್ಳಗೆ. ಸ್ಪ್ರಿಂಕ್ಲರು ನಮ್ಮಂಥ ಸಣ್ಣ ತೋಟದವರಿಗೆ ಆಗಿನ್ನೂ ಬಂದಿರಲಿಲ್ಲ. ಆಕಾಶದಲ್ಲಿ ಮೋಡದ ಸುಳಿವಿಲ್ಲ, ಅಪ್ಪನಿಗೆ ಗಂಜಿಯೂ ಇಳಿಯದಾಗಿತ್ತು.

ಅವ್ವ ಯಾರಿಗೂ ಹೇಳದೆ ಬಿಂದಿಗೆ ಹಿಡಿದಳು. ಅಪ್ಪನಿಗೆ ಮಂಪರು ಹತ್ತಿದಾಗ ಬಾವಿಯಿಂದ ನೀರು ಹೊತ್ತು ತಂದು, ಕಿಟಕಿ ಪಕ್ಕದ ಗಿಡಕ್ಕೆ ಹಾಕುವಳು. ಬುಡಕ್ಕಲ್ಲ, ಮಳೆಯ ಹಾಗೆ ನೆತ್ತಿಯ ಮೇಲಿಂದ, ಚೊಂಬಿನಲ್ಲಿ ಚಿಮುಕಿಸಿ. ನಾನು ಬಿಂದಿಗೆಗೆ ಕೈ ಹಾಕಿದರೆ ಬಿಡಲಿಲ್ಲ.

"ನೀ ಒಳಗೆ ಕೂತ್ಕೊ. ಎಚ್ಚರಾದ್ರೆ ನಿನ್ನೇ ಕೇಳ್ತಾರೆ."

ಒಂದು ಬೆಳಿಗ್ಗೆ ಆ ಗಿಡ ಅರಳಿತ್ತು. ಸುತ್ತ ತೋಟವೆಲ್ಲ ಬಾಡಿ ನಿಂತಿರುವಾಗ ಅದೊಂದು ಮಾತ್ರ ಮೈತುಂಬ ಹೂ ಹೊತ್ತಿತ್ತು. ವಾಸನೆಗೆ ಅಪ್ಪ ಕಣ್ಣು ಬಿಟ್ಟರು. ಬೆನ್ನಿಗೆ ಕೈ ಕೊಟ್ಟು ಕೂರಿಸಿದೆ. ಇಂದಿಗೂ ಆ ವಾಸನೆ ಬಂದರೆ ನನಗೆ ಅಪ್ಪ ಬೇಕು ಅನಿಸುತ್ತದೆ, ಹಟ ಹಿಡಿದ ಮಗುವಿಗೆ ಅನಿಸಿದ ಹಾಗೆ.

"ಮಳೆ ಬಂತು ಕಣ್ರೀ, ನೀವು ಮಲಗಿದ್ರಿ" ಎಂದಳು ಅವ್ವ.

ಅಪ್ಪ ಬಹಳ ಹೊತ್ತು ಹೂವನ್ನೇ ನೋಡಿದರು. ಹೆಂಚಿನ ಮೇಲೆ ಹನಿ ಬಿದ್ದರೆ ಕೇಳದಷ್ಟು ಕಿವಿ ಹೋಗಿರಲಿಲ್ಲ ಅವರಿಗೆ. ಅವ್ವನ ಕೈ ಹಿಡಿದುಕೊಂಡು, "ನೋಡಿದ್ದಾಯ್ತು. ಇನ್ನು ನೀರು ಹೊರ್ಬೇಡ ಕಣೆ, ಸೊಂಟ ಹೋಯ್ತದೆ" ಎಂದರು.

ಆಸೆ ತೀರಿತ್ತು. ಅಪ್ಪನನ್ನು ಹಿಡಿದಿಟ್ಟುಕೊಳ್ಳಲು ನಮ್ಮ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

ಆ ಸಂಜೆ ಅವ್ವ ಮತ್ತೆ ಬಾವಿಗೆ ಹೋಗಿ, ಅರಳಿದ ಗಿಡದ ಪಕ್ಕದಲ್ಲಿ ಇನ್ನೂ ಮೊಗ್ಗಾಗಿಯೇ ನಿಂತಿದ್ದ ಗಿಡಕ್ಕೆ ನೀರು ಹೊರತೊಡಗಿದಳು.