ವಿಮಾನದ ಉಪ್ಪು

ನನಗೆ ಅಡುಗೆ ಅಷ್ಟಕ್ಕಷ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಒಬ್ಬ ಮುದುಕಿ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ತಲೆ ಬೆಳ್ಳಗಾಗಿ, ಬೆನ್ನು ಬಾಗಿ, ಸೆರಗಿನ ತುದಿಯಲ್ಲಿ ಅರಸಿನದ ಕಲೆ ಇದ್ದರೆ ಸಾಕು, ಇವಳ ಕೈಯಲ್ಲಿ ಅಮೃತ ಉಂಟು ಎಂದು ಜನ ತೀರ್ಮಾನ ಮಾಡಿಬಿಡುತ್ತಾರೆ. ನನ್ನ ಬೆನ್ನು ಬಾಗಿದ್ದು ಬೀಡಿ ಕಟ್ಟಿ. ಅರಸಿನದ ಕಲೆ ಸೆರಗಿನಲ್ಲೇ ಕೈ ಒರೆಸುವ ಕೆಟ್ಟ ಅಭ್ಯಾಸದಿಂದ. ಅಮೃತ ಗಿಮೃತ ಎಂತದೂ ಇಲ್ಲ.

ನಾನು ಬಜಗೋಳಿಯವಳು. ನಾನು ಸಣ್ಣವಳಿರುವಾಗ ಕಡಲಿನ ಮೀನು ಕಾರ್ಕಳ ದಾಟಿ ನಮ್ಮಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಆ ಮೀನಿಗೇ ಸುಸ್ತಾಗಿರುತ್ತಿತ್ತು. ಅದನ್ನು ಹೇಗೆ ಬೇಯಿಸಿದರೂ ಒಂದೇ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ಬೀಡಿ ಎಲೆಯ ಮುಂದೆ ಕೂರಿಸಿದರು. ಬೀಡಿ ಕಟ್ಟುವವಳಿಗೆ ಅಡುಗೆಯೆಂದರೆ ಕೆಲಸದ ನಡುವೆ ಬರುವ ಉಪದ್ರ. ಒಲೆಯ ಮೇಲೆ ಇಟ್ಟೆ, ಬೆಂದಿತು, ಇಳಿಸಿದೆ. ಕಾಪುವಿಗೆ ಮದುವೆಯಾಗಿ ಬಂದ ಮೇಲೂ ಹಾಗೆಯೇ ನಡೆಯಿತು. ನನ್ನ ಅತ್ತೆ ಒಳ್ಳೆಯವರು. ಮೊದಲ ದಿನ ನಾನು ಮಾಡಿದ ಸಾರು ಬಾಯಿಗಿಟ್ಟು, ಒಮ್ಮೆ ನನ್ನ ಮುಖ ನೋಡಿ, ಉಪ್ಪಿನಕಾಯಿ ಭರಣಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಆ ಭರಣಿ ಅವರ ಪಕ್ಕ ಬಿಟ್ಟು ಹೋಗಲೇ ಇಲ್ಲ.

ಇದನ್ನೆಲ್ಲ ಈಗ ಹೇಳಲಿಕ್ಕೆ ಕಾರಣ ಉಂಟು. ನನ್ನ ಮಗಳ ಮಗಳು ಶ್ರಾವ್ಯ ಊಟದ ಹೋಟೆಲು ತೆರೆಯುತ್ತೇನೆಂದು ಹೊರಟಳು. ಹೊರಟವಳು ಸುಮ್ಮನೆ ಹೊರಡಲಿಲ್ಲ, ಹೋಟೆಲಿಗೆ ‘ಅಜ್ಜಿಯ ಕೈರುಚಿ’ ಎಂದು ಹೆಸರಿಟ್ಟು, ಬೋರ್ಡಿನ ಅರ್ಧಕ್ಕೆ ನನ್ನ ಮುಖ ಹಾಕಿಸುತ್ತೇನೆಂದಳು.

ಜಾಗ ನಮ್ಮದೇ. ಉದ್ಯಾವರ ದಾಟಿ ಕಾಪುವಿಗೆ ಬರುವಾಗ ಹೈವೇ ಬದಿಯಲ್ಲಿ ಒಂದು ವಿಮಾನದ ಮೂತಿ ಕಾಣುತ್ತದೆ. ಹೆದರಬೇಡಿ, ಬಿದ್ದದ್ದಲ್ಲ, ಇಟ್ಟದ್ದು. ಅದು ಫೆಲಿಕ್ಸನ ಹೋಟೆಲು, ನಮ್ಮ ಜಾಗ ಅದರ ಪಕ್ಕದ್ದು. ಲಾಡ್ಜು ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಫೆಲಿಕ್ಸ್ ಶಿರ್ವದವನು. ಪ್ರಾಯವಿಡೀ ಗಲ್ಫಿನ ಒಂದು ಏರ್‌ಪೋರ್ಟಿನಲ್ಲಿ ಬೇರೆಯವರ ಪೆಟ್ಟಿಗೆಗಳನ್ನು ವಿಮಾನದ ಹೊಟ್ಟೆಗೆ ತುಂಬಿಸಿದವನು. ಊರಿಗೆ ಬಂದ ಮೇಲೆ ಎಲ್ಲರೂ ದೊಡ್ಡ ಮನೆ ಕಟ್ಟಿಸಿದರೆ ಇವನು ವಿಮಾನ ಕಟ್ಟಿಸಿದ. ತಗಡಿನ ಮೂತಿ, ಮೊಟ್ಟೆಯಾಕಾರದ ಕಿಟಕಿಗಳು, ಕೋಣೆಯ ಬೀಗದ ಕೈ ಜೊತೆ ವಿಮಾನದ ಟಿಕೇಟಿನ ಹಾಗೆ ಒಂದು ಚೀಟಿ. ಕೆಳಗಿನ ಹಾಲ್‌ನಲ್ಲಿ ಗುಜರಿಯಿಂದ ತಂದ ಅಸಲಿ ವಿಮಾನದ ಸೀಟುಗಳನ್ನು ಸಾಲಾಗಿ ಕೂರಿಸಿದ್ದಾನೆ. ಉದ್ಯಾವರದ ಹುಡುಗಿ ರೇಷ್ಮಾ ಕುತ್ತಿಗೆಗೆ ಕೆಂಪು ಸ್ಕಾರ್ಫ್ ಕಟ್ಟಿಕೊಂಡು ಎಲ್ಲರಿಗೂ ಪೆಪ್ಪರ್‌ಮಿಂಟು ಕೊಡುತ್ತಾಳೆ.

ನಾನು ನೋಡಿದ ಮೊದಲ ವಿಮಾನ ಯಕ್ಷಗಾನದ ಪುಷ್ಪಕ. ವೇಷಧಾರಿ ರಂಗಸ್ಥಳದಲ್ಲಿ ಎರಡು ಸುತ್ತು ಹಾಕಿದರೆ ಲಂಕೆ ಬಂತು, ಪೆಟ್ರೋಲಿನ ಖರ್ಚೂ ಇಲ್ಲ. ಎಷ್ಟು ಜನ ಹತ್ತಿದರೂ ಅದರಲ್ಲಿ ಒಂದು ಸೀಟು ಖಾಲಿ ಉಳಿಯುತ್ತದಂತೆ. ಫೆಲಿಕ್ಸನ ವಿಮಾನದಲ್ಲಿ ಮೊದಲ ಮಳೆಗಾಲಕ್ಕೆ ಎಲ್ಲ ಸೀಟೂ ಖಾಲಿ ಇತ್ತು. ಬಂದವರು ಮೂತಿಯ ಎದುರು ಫೋಟೋ ತೆಗೆಸಿಕೊಂಡು, “ಇಲ್ಲಿ ಊಟ ಸಿಗುತ್ತದಾ?” ಎಂದು ಕೇಳಿ, ಇಲ್ಲ ಎಂದ ಕೂಡಲೇ ಉಡುಪಿಗೆ ಹೋಗುತ್ತಿದ್ದರು. ಅವನೇ ಬಂದು ನಮ್ಮ ಜಗಲಿಯಲ್ಲಿ ಕೂತು ಹೇಳಿದ್ದು: “ಅಮ್ಮಾ, ನಿಮ್ಮ ಪುಳ್ಳಿ ಶ್ರಾವ್ಯ ಅಡುಗೆ ಕಲಿತಿದ್ದಾಳಲ್ಲ. ಪಕ್ಕದಲ್ಲಿ ಒಂದು ಊಟದ ಹೋಟೆಲು ಹಾಕಲಿ. ಕಂಪೌಂಡಿನಲ್ಲಿ ನಾನೇ ಗೇಟು ಬಿಡಿಸಿ ಕೊಡುತ್ತೇನೆ.”

ಶ್ರಾವ್ಯ ಮಣಿಪಾಲದಲ್ಲಿ ಇದನ್ನೇ ಓದಿ, ಗೋವಾದ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಕೊಚ್ಚುತ್ತಿದ್ದಳು. ಯಾರದೋ ಹೆಸರಿನ ಕೆಳಗೆ ಅಡುಗೆ ಮಾಡಿ ಮಾಡಿ ಸಾಕಾಗಿತ್ತು. ಕೆಲಸ ಬಿಟ್ಟು ಬಂದಳು. ಈ ಹೋಟೆಲು ಕಾಲೂರಿ ನಿಲ್ಲದಿದ್ದರೆ ತಲೆ ತಗ್ಗಿಸಿಕೊಂಡು ಮತ್ತೆ ಅಲ್ಲಿಗೇ ಹೋಗಬೇಕು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ನನ್ನ ಮುಖದ ವಿಷಯ ಬಂದಾಗ ನಾನು ಕೂಡಲೇ ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬೈದೆ.

“ನನ್ನ ಮುಖ ಹಾಕಿದರೆ ನಾನು ಅಡುಗೆ ಮಾಡಬೇಕಾಗುತ್ತದೆ. ನಾನು ಮಾಡಿದರೆ ನೀನು ಬಾಗಿಲು ಹಾಕಬೇಕಾಗುತ್ತದೆ.”

“ಸುಮ್ಮನಿರಿ ಅಜ್ಜಿ. ನಾವು ರಜೆಯಲ್ಲಿ ಬಂದಾಗ ನೀವು ಬಡಿಸುತ್ತಿದ್ದ ಬಂಗುಡೆ ಮೀನಿನ ಪುಳಿಮುಂಚಿ, ಆ ಹುಳಿ-ಖಾರದ ಸಾರು, ನನಗೆ ಈಗಲೂ ನಾಲಿಗೆಯಲ್ಲಿ ಉಂಟು.”

“ಬಡಿಸಿದ್ದು ನಾನು. ಮಾಡಿದ್ದು ನಿನ್ನ ಅಜ್ಜ.”

ಅವಳು ನಕ್ಕಳು. ಎಲ್ಲರೂ ಹೀಗೆಯೇ ನಗುವುದು. ಜಗಲಿಯಲ್ಲಿ ಪೇಪರು ಹಿಡಿದುಕೊಂಡು ಕೂತಿರುತ್ತಿದ್ದ ಅಜ್ಜ ಅಡುಗೆ ಮಾಡುತ್ತಿದ್ದರೆಂದರೆ ಯಾರು ನಂಬುತ್ತಾರೆ? ಅವರಿರುವಾಗಲೂ ನಾನು ಹೇಳಿದ್ದೇನೆ. ಆ ಮನುಷ್ಯ ಪೇಪರಿನಿಂದ ಕಣ್ಣು ಎತ್ತದೆ, “ನಾನಾ? ನನಗೆ ಚಾ ಕಾಯಿಸಲಿಕ್ಕೂ ಬರುವುದಿಲ್ಲ” ಎಂದುಬಿಡುತ್ತಿದ್ದರು.

ನನ್ನ ಗಂಡ ಗಲ್ಫಿನಲ್ಲಿ ಅಡುಗೆಯವರಾಗಿದ್ದರು. ಏರ್‌ಪೋರ್ಟಿನ ಪಕ್ಕದಲ್ಲೇ ಒಂದು ದೊಡ್ಡ ಅಡುಗೆಮನೆ, ಅಲ್ಲಿಂದ ವಿಮಾನಗಳಿಗೆ ಊಟ ಹೋಗುತ್ತಿತ್ತು. ಒಲೆಯ ಎದುರು ಒಂದು ಕಿಟಕಿ, ಕಿಟಕಿಯಲ್ಲಿ ಇಡೀ ದಿನ ವಿಮಾನ. ಬೊಂಬಾಯಿಗೆ ಹೋಗುವುದು ಯಾವುದೆಂದು ಅವರಿಗೆ ತಿಳಿಯುತ್ತಿತ್ತು. “ಅದಕ್ಕೆ ಮೀನು ಸಾರು ಮಾಡಿದ್ದು ನಾನೇ ಅಲ್ವಾ” ಎನ್ನುತ್ತಿದ್ದರು. ಅವರು ಮಾಡಿದ ಸಾರು ದಿನಾ ಊರಿನ ಕಡೆ ಬರುತ್ತಿತ್ತು. ಅವರು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು.

ಬಂದಾಗ ಒಂದು ವಾರ ನೆಂಟರ ಗಲಾಟೆ. ಅದು ಮುಗಿದ ಮೇಲೆ ಅವರು ಮೆಲ್ಲ ಅಡುಗೆಮನೆಗೆ ಬರುತ್ತಿದ್ದರು, ಹಿತ್ತಿಲ ಬಾಗಿಲು ಹಾಕಿಕೊಂಡು. ಸಂಬಳಕ್ಕೆ ಅಡುಗೆ ಮಾಡಿದರೆ ಗಂಡಸಿಗೆ ಮರ್ಯಾದೆ. ಸ್ವಂತ ಮನೆಯಲ್ಲಿ ಹೆಂಡತಿ ಇರುವಾಗ ಮಾಡಿದರೆ ಊರಿಡೀ ನಗೆ. ಹಾಗಾಗಿ ಮಕ್ಕಳು ಏಳುವ ಮೊದಲು ಕಾಯಿ ತುರಿದು, ಮೆಣಸು ಹುರಿದು, ಮಸಾಲೆ ಅರೆದು, ಸಾರು ಕುದಿಸಿ, ಕೈ ತೊಳೆದು ಜಗಲಿಗೆ ಹೋಗಿ ಪೇಪರು ಹಿಡಿಯುವುದು. ನಾನು ಬಡಿಸುವುದು. ಹೊಗಳಿಕೆ ನನಗೆ, ಮೀನಿನ ವಾಸನೆ ಅವರ ಬೆರಳಿಗೆ.

ಆ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ರಜೆಯಲ್ಲಿ ಬಂದಾಗ ಮಾಡಿದ ಪುಳಿಮುಂಚಿ ಬಾಯಿಗಿಟ್ಟು ನಾನು ಹೇಳಿದೆ: “ಉಪ್ಪು ಮುಂದೆ. ಹುಳಿಯೂ ಮುಂದೆ.”

ಅವರಿಗೆ ನಾಚಿಕೆಯಾಯಿತು. ಆಕಾಶದಲ್ಲಿ ಜನರ ನಾಲಿಗೆ ಮಂದವಾಗುತ್ತದಂತೆ. ಕೆಳಗಿನ ಉಪ್ಪು ಮೇಲೆ ಸಪ್ಪೆ. ಅದಕ್ಕೆ ಆ ಅಡುಗೆಮನೆಯಲ್ಲಿ ಸ್ವಲ್ಪ ಜಾಸ್ತಿಯೇ ಹಾಕುವುದು ಕ್ರಮ. ಹಾಕಿ ಹಾಕಿ ಕೈಗೆ ಅದೇ ಅಳತೆ ಕೂತುಬಿಟ್ಟಿತ್ತು. “ಮೇಲೆ ಹೋದರೆ ಸರಿಯಾಗುತ್ತದೆ ಮಾರಾಯ್ತಿ” ಎಂದರು.

“ಹಾಗಾದರೆ ನಾನು ಎಂತ, ತೆಂಗಿನ ಮರ ಹತ್ತಿ ಕೂತು ಉಣ್ಣಬೇಕಾ?” ಎಂದೆ.

ಕಡಿಮೆ ಮಾಡಲಿಕ್ಕೆ ನೋಡಿದರು. ಕೈ ಕೇಳಲಿಲ್ಲ. ಅಷ್ಟರಲ್ಲಿ ಮಕ್ಕಳಿಗೆ ಅದೇ ರುಚಿ ಹಿಡಿಯಿತು. ಅಪ್ಪ ಬಂದಾಗಿನ ಊಟವೆಂದರೆ ಹುಳಿ, ಖಾರ, ಉಪ್ಪು, ಆಮೇಲೆ ಬಾವಿಕಟ್ಟೆಗೆ ಓಡಿ ಕೊಡಪಾನದಿಂದಲೇ ನೀರು ಕುಡಿಯುವುದು. ಬಾಯಾರಿಕೆಯೂ ಹಬ್ಬದ ಒಂದು ಭಾಗವೆಂದು ಅವು ತಿಳಿದಿದ್ದವು. ನಮ್ಮ ಮನೆಯಲ್ಲಿ ಅದಕ್ಕೆ ‘ರಜೆ ಊಟ’ ಎಂದೇ ಹೆಸರು. ಅವರು ಹೋದ ಮರುದಿನ ನನ್ನ ಸಾರು ಬಂದರೆ ಮಕ್ಕಳು ನನ್ನ ಅತ್ತೆಯ ಹಾಗೆಯೇ ಭರಣಿ ಹುಡುಕುತ್ತಿದ್ದವು. ಬೇರೆ ಮನೆಗಳಲ್ಲಿ ವಿಮಾನದ ಸದ್ದು ಕೇಳಿದರೆ ಹೆಂಗಸರು ಹೋದ ಗಂಡನನ್ನು ನೆನೆಸಿ ಕಣ್ಣು ಒರೆಸುತ್ತಿದ್ದರು. ನನ್ನ ಮಕ್ಕಳಿಗೆ ಸದ್ದು ಕೇಳಿದರೆ ಹಸಿವಾಗುತ್ತಿತ್ತು. ನನಗೂ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಅವರು ಕೆಲಸ ಮುಗಿಸಿ ಊರಿಗೇ ಬಂದ ಮೇಲೂ ಕೈ ಹಾಗೆಯೇ ಇತ್ತು, ಹಿತ್ತಿಲ ಬಾಗಿಲೂ ಹಾಗೆಯೇ. ಮೊಮ್ಮಕ್ಕಳು ಉಂಡದ್ದು ಆ ಊಟ.

ಈಗ ಶ್ರಾವ್ಯನ ವಿಷಯಕ್ಕೆ ಬರುತ್ತೇನೆ. ಬೋರ್ಡಿನವನಿಗೆ ಹೇಳುವ ಮೊದಲು ಒಂದು ಸಲ ನಾನೇ ಅಡುಗೆ ಮಾಡಿ ತೋರಿಸುತ್ತೇನೆ, ತಿಂದು ಆಮೇಲೆ ಮಾತಾಡು ಎಂದೆ. ಫೆಲಿಕ್ಸನನ್ನೂ ಕರೆದೆವು. ಹೊಸ ಅಡುಗೆಮನೆಯ ಹೊಸ ಗ್ಯಾಸಿನ ಮೇಲೆ ನನಗೆ ಬಂದ ಹಾಗೆ ಪುಳಿಮುಂಚಿ ಮಾಡಿದೆ. ಸುಮ್ಮನೆ ಕೆಡಿಸಲಿಲ್ಲ, ನನ್ನ ಪೂರ್ತಿ ಶಕ್ತಿ ಅಷ್ಟೇ.

ಶ್ರಾವ್ಯ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಫೆಲಿಕ್ಸ್ ತುಂಬಾ ಹೊತ್ತು ಅಗಿದ, ಮೀನು ಅಷ್ಟು ಅಗಿಯುವ ವಸ್ತುವಲ್ಲ. ಆಮೇಲೆ ಮೆಲ್ಲ, “ಅಮ್ಮಾ, ಉಪ್ಪಿನಕಾಯಿ ಉಂಟಾ?” ಎಂದು ಕೇಳಿದ. ನನಗೆ ಅತ್ತೆಯ ನೆನಪಾಯಿತು.

ಹುಡುಗಿಯ ಮುಖ ನೋಡಲಿಕ್ಕಾಗಲಿಲ್ಲ. ಅವಳು ನನ್ನ ಕೈಯನ್ನು ನಂಬಿ ಕೆಲಸ ಬಿಟ್ಟವಳು. ಆ ಕೈಯಲ್ಲಿ ಎಂತದೂ ಇಲ್ಲವೆಂದು ಈಗ ತಿಳಿಯಿತು. “ಹಾಗಾದರೆ ನಾನು ಉಂಡದ್ದು ಎಂತದು ಅಜ್ಜಿ?” ಎಂದು ಕೇಳಿದಳು, ಏನನ್ನೋ ಕಳೆದುಕೊಂಡವರ ಹಾಗೆ.

ನಾನು ಸಾರಿನ ಪಾತ್ರೆಯನ್ನು ಮತ್ತೆ ಒಲೆಗೆ ಏರಿಸಿದೆ. ಹುಣಸೆಹುಳಿ ಕಿವುಚಿ ಹಾಕಿದೆ, ಮೆಣಸು ಅರೆದು ಹಾಕಿದೆ, ಉಪ್ಪು ಹಾಕಿದೆ. ಸಾಕು ಎಂದು ಮನಸ್ಸು ಹೇಳಿದ ಮೇಲೆ ಇನ್ನೂ ಸ್ವಲ್ಪ. ಅಯ್ಯೋ ಕೆಟ್ಟಿತು ಎನ್ನಿಸಿದ ಮೇಲೆ ಮತ್ತೂ ಒಂದು ಚಿಟಿಕೆ. ಕುದಿಸಿ ಬಡಿಸಿದೆ.

ಮೊದಲು ತಿಂದದ್ದು ಫೆಲಿಕ್ಸ್. ಚಮಚ ಕೆಳಗಿಟ್ಟ. “ಅಮ್ಮಾ, ಇದನ್ನು ನಾನು ತಿಂದಿದ್ದೇನೆ.”

“ಎಲ್ಲಿ?”

“ಅಲ್ಲೇ, ಗಲ್ಫಿನ ಏರ್‌ಪೋರ್ಟಿನಲ್ಲಿ. ಲೋಡು ಮಾಡಿ ಉಳಿದ ಊಟ ನಮಗೆ ಕೊಡುತ್ತಿದ್ದರು. ವಿಮಾನದ ಊಟವನ್ನು ನೆಲದಲ್ಲಿ ಕೂತು ಉಂಡರೆ ಹೀಗೆಯೇ ಇರುವುದು. ನಾವು ಹುಡುಗರೆಲ್ಲ ಆಮೇಲೆ ನಲ್ಲಿಗೆ ಬಾಯಿ ಇಡುತ್ತಿದ್ದೆವು.”

ಶ್ರಾವ್ಯ ಬಟ್ಟಲು ಖಾಲಿ ಮಾಡಿ, ಎದ್ದು ಹೋಗಿ ಚೊಂಬಿನಲ್ಲಿ ನೀರು ತುಂಬಿಸಿ ಗಟಗಟ ಕುಡಿದಳು. ಗಲ್ಲದಿಂದ ನೀರು ಇಳಿಯುತ್ತಿತ್ತು. ಸಣ್ಣದಿರುವಾಗ ಬಾವಿಕಟ್ಟೆಯಲ್ಲಿ ಕುಡಿಯುತ್ತಿದ್ದದ್ದೂ ಹೀಗೆಯೇ. “ಅಜ್ಜನೇ” ಎಂದಳು. ಅಷ್ಟು ಸಲ ನಾನು ಬಾಯಿಬಿಟ್ಟು ಹೇಳಿದಾಗ ನಂಬದವಳು ಒಂದು ಚೊಂಬು ನೀರಿಗೆ ನಂಬಿದಳು.

ಈಗ ಬೋರ್ಡಿಗೆ ಅಜ್ಜನ ಫೋಟೋ ಹಾಕುತ್ತೇನೆಂದು ಹಟ ಮಾಡಿದಳು. ಇರುವುದು ಎರಡು ಫೋಟೋ. ಒಂದಕ್ಕೆ ಗಂಧದ ಹಾರ ಹಾಕಿ ಗೋಡೆಯಲ್ಲಿಟ್ಟಿದ್ದೇವೆ. ಅದನ್ನು ಬೋರ್ಡಿನಲ್ಲಿ ನೋಡಿ ಸತ್ತವರ ಬೊಜ್ಜದ ಊಟವೆಂದು ಯಾರೂ ಒಳಗೆ ಬರಲಿಕ್ಕಿಲ್ಲ. ಇನ್ನೊಂದು ಪಾಸ್‌ಪೋರ್ಟಿನದ್ದು, ಅದರಲ್ಲಿ ಅವರು ಪೊಲೀಸರು ಹಿಡಿದುಕೊಂಡು ಬಂದ ಹಾಗೆ ಕಾಣುತ್ತಾರೆ. ಕಡೆಗೆ ಯಾರ ಮುಖವೂ ಬೇಡವೆಂದಾಯಿತು. ‘ರಜೆ ಊಟ’ ಎಂದು ಬರೆಸಿದಳು, ಅಷ್ಟೇ. ಮೊದಮೊದಲು ಜನ ಫೋನು ಮಾಡಿ, “ಇವತ್ತು ಊಟ ಉಂಟಾ, ರಜೆಯಾ?” ಎಂದು ಕೇಳುತ್ತಿದ್ದರು. ಈಗ ಅಭ್ಯಾಸವಾಗಿದೆ.

ಉಪ್ಪಿನ ಬಗ್ಗೆ ನಮ್ಮಲ್ಲಿ ಸ್ವಲ್ಪ ಜಗಳವಾಯಿತು. ಕಡಿಮೆ ಮಾಡು, ಜನರಿಗೆ ಬಿ.ಪಿ. ಉಂಟು ಎಂದೆ. ಕಡಿಮೆ ಮಾಡಿ ನೋಡಿದಳು, ಒಳ್ಳೆಯ ಸಾರಾಯಿತು, ಎಲ್ಲ ಕಡೆ ಸಿಗುವ ಒಳ್ಳೆಯ ಸಾರು. ಮತ್ತೆ ಅಜ್ಜನ ಅಳತೆಗೇ ಬಂದಳು, ಆದರೆ ಕೇಳಿದವರಿಗೆ ಮಾತ್ರ, ಮೊದಲೇ ಹೇಳಿ, ಪಕ್ಕದಲ್ಲಿ ದೊಡ್ಡ ಚೊಂಬು ನೀರು ಇಟ್ಟು. ಮಣಿಪಾಲದ ಕಾಲೇಜು ಮಕ್ಕಳು ಗುಂಪು ಕಟ್ಟಿಕೊಂಡು ಬಂದು ಅದನ್ನೇ ಕೇಳುತ್ತವೆ. ಗಲ್ಫಿನಿಂದ ರಜೆಯಲ್ಲಿ ಬಂದವರು ಕೇಳುತ್ತಾರೆ. ಒಬ್ಬರು ಗಂಭೀರ ಮುಖದವರು ನನ್ನ ಹತ್ತಿರ ಬಂದು, “ಅಜ್ಜಿ, ಉಪ್ಪು ಸ್ವಲ್ಪ ಜಾಸ್ತಿಯಾಯಿತು” ಎಂದರು. “ಜಾಸ್ತಿಯೇ. ನಮ್ಮ ಮನೆಯವರ ತಪ್ಪು” ಎಂದೆ. ಅವರು ಎಂತ ತಿಳಿದುಕೊಂಡರೋ, ಮರುವಾರ ಹೆಂಡತಿಯನ್ನು ಕರೆದುಕೊಂಡು ಬಂದರು.

ನಾನು ವಿಮಾನ ಹತ್ತಿದವಳಲ್ಲ. ಅವರು ಒಂದು ಸಲ ಕರೆದುಕೊಂಡು ಹೋಗುತ್ತೇನೆನ್ನುತ್ತಿದ್ದರು, ಆಗಲಿಲ್ಲ. ಅದಕ್ಕೆ ಯಾರೂ ಮರುಕಪಡುವುದು ಬೇಡ. ಮೊನ್ನೆ ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಫೆಲಿಕ್ಸ್ ಬಲವಂತ ಮಾಡಿ ತನ್ನ ವಿಮಾನದ ಸೀಟಿನಲ್ಲಿ ಕೂರಿಸಿದ. ರೇಷ್ಮಾ ಬೆಲ್ಟು ಕಟ್ಟಿದಳು, ಪೆಪ್ಪರ್‌ಮಿಂಟು ಕೊಟ್ಟಳು, ಎದುರಿನ ಸಣ್ಣ ಹಲಗೆ ಬಿಡಿಸಿ ನಮ್ಮದೇ ಹೋಟೆಲಿನ ಅನ್ನ, ಪುಳಿಮುಂಚಿ ತಂದಿಟ್ಟಳು. ಅಜ್ಜನ ಅಳತೆಯದ್ದು. ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಮುಂದೆಯೇ. ಇಷ್ಟು ವರ್ಷವಾಯಿತು, ಇನ್ನೂ ಸರಿಯಾಗಲಿಲ್ಲ.

ಪಕ್ಕದಲ್ಲಿ ಮೊಟ್ಟೆಯಾಕಾರದ ಕಿಟಕಿ. ಅದರಲ್ಲಿ ನಮ್ಮ ಅಡುಗೆಮನೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಒಲೆ, ಹೊಗೆ, ಹಬೆಯ ನಡುವೆ ಬಗ್ಗಿದ ಒಂದು ತಲೆ. ಅವರು ಅಷ್ಟು ವರ್ಷ ಅಡುಗೆಮನೆಯ ಕಿಟಕಿಯಿಂದ ವಿಮಾನ ನೋಡಿದರು. ವಿಮಾನದ ಒಳಗೆ ಕೂತವರು ಯಾರಾದರೂ ಈ ಕಡೆ ತಿರುಗಿ ನೋಡಿದ್ದರೋ ಇಲ್ಲವೋ. ನಾನು ನೋಡಿದೆ. ಚಂದ ಕಾಣುತ್ತದೆ, ಅಲ್ಲಿಂದ.

ಚಂದ ಕಂಡದ್ದು ತುಂಬ ಹೊತ್ತಲ್ಲ. ನಮ್ಮ ಅಡುಗೆಯ ಕುಸುಮ ಸೌಟಿನಿಂದ ಸಾರು ಎತ್ತಿ ಬಾಯಿಗಿಟ್ಟು ರುಚಿ ನೋಡಿ, ಅದೇ ಎಂಜಲು ಸೌಟನ್ನು ತಿರುಗಿ ಪಾತ್ರೆಗೆ ಅದ್ದಿದಳು. ನಾನು ಬೆಲ್ಟು ಬಿಚ್ಚಿ ಎದ್ದೆ.

“ಅಜ್ಜೀ, ಊಟ ಅರ್ಧಕ್ಕೇ ಬಿಟ್ಟು ಎಲ್ಲಿಗೆ?” ಎಂದು ರೇಷ್ಮಾ ಕೇಳಿದಳು.

“ಒಬ್ಬಳಿಗೆ ಬೈದು ಬರಲಿಕ್ಕುಂಟು. ಬಟ್ಟಲು ಅಲ್ಲೇ ಇರಲಿ ಮಗಾ, ಈ ವಿಮಾನ ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲವಲ್ಲ” ಎಂದೆ.