ಒಂದೇ ಮೊಗ್ಗಿನ ಜಡೆ, ಎರಡು ತಲೆ

ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಗೆ ಮೊಗ್ಗಿನ ಜಡೆ ಹಾಕಿಸಿ ಫೋಟೊ ತೆಗೆಸದಿದ್ದರೆ ನಮ್ಮತ್ತೆಯವರಿಗೆ ಸಮಾಧಾನವಿಲ್ಲ. ಮೊಮ್ಮಕ್ಕಳು ಇಬ್ಬರು: ನನ್ನ ಮಗಳಿಗೆ ಹತ್ತು, ಓರಗಿತ್ತಿಯ ಮಗಳಿಗೆ ಎಂಟು. ಈ ಸಲ ಜಯನಗರದ ಮಾರ್ಕೆಟ್ಟಿನ ಹೂವಿನವಳು, "ಮೊಗ್ಗು ಸರಿಯಾಗಿ ಬಂದಿಲ್ಲ ಅಮ್ಮ, ಒಂದೇ ಜಡೆ ಹೊಲ್ಕೊಡ್ತೀನಿ" ಎಂದುಬಿಟ್ಟಳು.

"ಒಂದು ಸಾಕು ಬಿಡಮ್ಮ," ಎಂದರು ಅತ್ತೆ. "ದೊಡ್ಡವಳಿಗೆ ಕಟ್ಟಿ ಫೋಟೊ ತೆಗ್ದು, ಬಿಚ್ಚಿ ಚಿಕ್ಕವಳಿಗೆ ಕಟ್ಟಿದ್ರಾಯ್ತು."

ಬನಶಂಕರಿಯ ಅತ್ತೆ ಮನೆಯಲ್ಲಿ ಮೊದಲು ನನ್ನ ಮಗಳು ಕನ್ನಡಿಗೆ ಬೆನ್ನು ಮಾಡಿ ನಿಂತಳು. ಹತ್ತು ನಿಮಿಷಕ್ಕೆ ಅದೇ ಜಡೆ, ಅದೇ ಕುಚ್ಚು, ತಂಗಿಯ ಬೆನ್ನಿಗೆ ಹೋಯಿತು. ಆಮೇಲೆ ಇಬ್ಬರೂ ಅಜ್ಜಿಯ ದಿಂಬಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಮೊಬೈಲಿನಲ್ಲಿ ತಮ್ಮ ಬೆನ್ನುಗಳನ್ನೇ ನೋಡಿಕೊಳ್ಳುತ್ತ ಮಲಗಿದರು.

ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅದರ ಹಿಂದಿನ ವಾರ ಮಗಳ ಕಿವಿಯ ಹಿಂದೆ ಸೀರು ಕಂಡಿತ್ತು. ಸೀರಣಿಗೆಯಲ್ಲಿ ಬಾಚಿದಾಗ ಒಂದು ಹೇನೂ ಬಿತ್ತು. ಉಗುರಿನ ಮೇಲೆ ಚಟ್ಟೆನ್ನಿಸಿ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಪೆನ್ಸಿಲ್ಲಿನಿಂದ ಬೈತಲೆ ಬಿಡಿಸಿ ನೋಡುತ್ತಿದ್ದರು; ಹೇನು ಸಿಕ್ಕಿದವರಿಗೆ ಆ ವಾರವೆಲ್ಲ ಕೊನೆಯ ಬೆಂಚು. ಅದಕ್ಕೋ ಏನೋ, ನಲವತ್ತು ದಾಟಿದರೂ ಆ ಪದ ನನ್ನ ಬಾಯಿಂದ ಸಲೀಸಾಗಿ ಹೊರಡುವುದಿಲ್ಲ.

ಹತ್ತು ದಿನ ಕಳೆದು ಜೆ.ಪಿ. ನಗರದಿಂದ ಓರಗಿತ್ತಿಯ ಫೋನು ಬಂತು.

"ಅಕ್ಕ, ನನ್ ಕಥೆ ಕೇಳಿ. ಇವಳ ತಲೇಲಿ ಹೇನಿನ ಸಂತೆ! ಸ್ವಿಮ್ಮಿಂಗ್ ಕ್ಲಾಸಲ್ಲಿ ಯಾರಿಂದಲೋ ಹತ್ತಿಸ್ಕೊಂಡ್ ಬಂದಿದಾಳೆ. ಇವತ್ತು ತೆಗೆದ್ರೆ ನಾಳೆ ಮತ್ತೆ ಹತ್ತುತ್ತೆ. ನಾಲ್ಕು ಗಂಟೆಗೆ ಪಾರ್ಲರ್‌ಗೆ ಕರ್ಕೊಂಡ್ ಹೋಗಿ ಬಾಯ್ ಕಟ್ ಮಾಡಿಸ್ಬಿಡ್ತೀನಿ."

ಹಿಂದಿನಿಂದ ಮಗುವಿನ ಬಿಕ್ಕು ಕೇಳುತ್ತಿತ್ತು. ಸೊಂಟ ಮುಟ್ಟುವ ಕೂದಲು ಅದರದು. ತುದಿ ಕತ್ತರಿಸುವುದಕ್ಕೂ ಯಾರಿಗೂ ಬಿಡುತ್ತಿರಲಿಲ್ಲ. ಗಡಿಯಾರ ನೋಡಿದೆ. ಮೂರು ಗಂಟೆ.

"ಕತ್ತರಿಸ್ಬೇಡ ಕಣೆ," ಎಂದೆ.

"ಮತ್ತಿನ್ನೇನ್ ಮಾಡ್ಲಿ? ಪೂಲಲ್ಲಿರೋ ಮಕ್ಕಳ ತಲೆಯೆಲ್ಲ ನಾನೇ ಬಾಚ್ಲಾ?"

"ಬೇಡ. ನನ್ ಮಗಳದ್ದು ಬಾಚಿದ್ರೆ ಸಾಕು. ಅದು... ನಮ್ಮನೆ ಹೇನು."

"ಅಂದ್ರೆ?"

"ಜಡೆ ಕಟ್ಟೋಕೆ ಮುಂಚೇನೇ ಇವಳಿಗಿತ್ತು. ಹೋಯ್ತು ಅನ್ಕೊಂಡೆ. ಹೇಳೋಕೆ ನಾಚ್ಕೆ ಆಯ್ತು. ಇಬ್ಬರಿಗೂ ಒಂದೇ ದಿನ ಔಷಧಿ ಹಚ್ಚಿ ಬಾಚೋಣ, ವಾರ ಬಿಟ್ಟು ಇನ್ನೊಂದ್ಸಲ. ಹೋಗುತ್ತೆ."

ಬೈಗುಳಕ್ಕೆ ಕಾಯುತ್ತ ಸೆರಗಿನ ದಾರ ಎಳೆಯುತ್ತಿದ್ದೆ. ಬಂದದ್ದು ನಗು.

"ಅಯ್ಯೋ ಅಕ್ಕ! ಟವೆಲ್‌ಗೂ ಇಸ್ತ್ರಿ ಹಾಕೋರು ನೀವು, ನಿಮ್ಮನೇಲಿ ಹೇನಾ! ಪಾಪ, ಆ ಸ್ವಿಮ್ಮಿಂಗ್ ಸಾರ್‌ಗೆ ಇಷ್ಟುದ್ದ ಮೆಸೇಜ್ ಟೈಪ್ ಮಾಡಿಟ್ಟಿದ್ದೆ. ಬನ್ನಿ, ಬೇಗ ಬನ್ನಿ."

ಮೆಡಿಕಲ್ ಶಾಪಿನಲ್ಲಿ ಔಷಧಿ ಕೊಂಡು ಮಗಳೊಂದಿಗೆ ಆಟೋ ಹತ್ತಿದೆ. ನಾವು ತಲುಪಿದಾಗ ಓರಗಿತ್ತಿ ಬಾಲ್ಕನಿಯಲ್ಲಿ ಬಿಳಿ ಪಂಚೆ ಹಾಸಿ, ಅತ್ತೆಗೆ ವಿಡಿಯೋ ಕಾಲ್ ಮಾಡಿ ವಿಷಯ ಒಪ್ಪಿಸುತ್ತಿದ್ದಳು.

"ಹೌದೇನೇ!" ಅತ್ತೆಯ ಕೈ ಆಗಲೇ ತುರುಬಿಗೆ ಹೋಗಿತ್ತು. "ನಂಗೂ ನಾಕು ದಿನದಿಂದ ಒಂದೇ ತುರಿಕೆ. ಹೊಸ ಕೊಬ್ಬರಿ ಎಣ್ಣೆ ಒಗ್ಗಲಿಲ್ಲ ಅನ್ಕೊಂಡು ಬಾಟ್ಲೀನೇ ಕೆಲಸದವಳಿಗೆ ಕೊಟ್ಬಿಟ್ಟೆ!"

"ನೀವೂ ಬಂದ್ಬಿಡಿ ಅತ್ತೆ, ಪಂಚೆ ದೊಡ್ಡದಾಗಿದೆ," ಎಂದಳು ಓರಗಿತ್ತಿ.

ನನ್ನ ಮಗಳು ಆಗಲೇ ಪಂಚೆಯ ನಡುವೆ ಕೂತು ಯಾರ ತಲೆಯಿಂದ ಹೆಚ್ಚು ಬೀಳುತ್ತದೆಂದು ಪಂದ್ಯ ಕಟ್ಟುತ್ತಿದ್ದಳು. ಚಿಕ್ಕವಳು ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದಳು, ಜಡೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು. ನಾವು ನಗುತ್ತಿದ್ದರೂ ಅವಳಿಗೆ ನಂಬಿಕೆ ಬಂದಿರಲಿಲ್ಲ.

ಓರಗಿತ್ತಿ ಪಾರ್ಲರ್‌ಗೆ ಫೋನ್ ಮಾಡಿದಳು. "ಮೇಡಂ, ನಾಲ್ಕು ಗಂಟೇದು ಕ್ಯಾನ್ಸಲ್ ಮಾಡಿ. ಇಲ್ಲ, ಬೇರೆ ದಿನಾನೂ ಬೇಡ."

ಆಗ ಆ ಕೈಗಳು ಸಡಿಲಾದವು. ಬಂದು ನನ್ನ ಮುಂದೆಯೇ ಕೂತು, ಜಡೆಯನ್ನು ಹಿಂದಕ್ಕೆ ಎಸೆದು, ಮೂಗೊರೆಸಿಕೊಂಡಳು.

"ನೀನೇ ಬಾಚು ದೊಡ್ಡಮ್ಮ. ಅಮ್ಮ ತುಂಬ ಎಳೀತಾಳೆ."